ಸಡಿಲಿಸಿದ ಕಮಾನು

ನಮ್ಮ ತಂದೆಯವರು ಸುರಪುರದಲ್ಲಿ ಶಿಕ್ಷಕರಾಗಿದ್ದರು. ಪ್ರತಿ ಸಂಜೆ ಪಿಟೀಲು ನುಡಿಸಿದ ಬಳಿಕ ಕಮಾನಿನ ತಿರುಪನ್ನು ಸಡಿಲಿಸಿ, ತಂತಿಗಳ ಕೆಳಗೆ ಉದುರಿದ ರಾಳದ ಪುಡಿಯನ್ನು ಹತ್ತಿಬಟ್ಟೆಯಿಂದ ಒರೆಸುತ್ತಿದ್ದರು. “ಬಿಗಿದಿಟ್ಟರ ಕಮಾನು ತನ್ನ ಬಾಗು ಮರೀತದವ್ವಾ” ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಆ ಪಿಟೀಲನ್ನು ಶಹಾಪುರದ ನಮ್ಮ ಮನೆಗೆ ತಂದು, ಯಾರೂ ಮುಟ್ಟದಂತೆ ಅಟ್ಟದ ಮೇಲಿರಿಸಿದೆ. ಅದನ್ನೇ ಗೌರವವೆಂದು ಬಗೆದಿದ್ದೆ. 9 ವರ್ಷಗಳ ನಂತರ ಮಗಳು ಕಲಿಯಬೇಕೆಂದಾಗ ಪೆಟ್ಟಿಗೆ ತೆರೆದೆ. ಕಮಾನಿನ ಕುದುರೆಗೂದಲನ್ನು ನುಸಿ ತಿಂದಿತ್ತು; ನಮ್ಮ ಸೀಮೆಯ ಬೇಸಿಗೆಯ ಕಾವಿಗೆ ಪಿಟೀಲಿನ ಅಂಚಿನ ಅಂಟು ಬಿಟ್ಟು ಬಿರುಕು ಬಾಯ್ದೆರೆದಿತ್ತು. ಕಣ್ಣು ತುಂಬಿ ಬಂತು.

ಯಾದಗಿರಿಯಲ್ಲಿ ವಾದ್ಯಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ ಹೇಳಿದರು: “ಅಂಚು ಬಿಟ್ಟದ್ದಕ್ಕೆ ಚಿಂತೆ ಬೇಡಿರಿ. ಮತ್ತೆ ಬಿಚ್ಚಿ ಕೂಡಿಸಲೆಂದೇ ಇದಕ್ಕೆ ಸರೇಸಿನ ಅಂಟು ಹಾಕಿರುತ್ತಾರೆ. ಆದರೆ ನುಸಿಗೆ ಕತ್ತಲೆ ಬೇಕು, ಮುಚ್ಚಿದ ಪೆಟ್ಟಿಗೆ ಬೇಕು. ದಿನಾಲೂ ತೆರೆದು ನುಡಿಸುವ ವಾದ್ಯಕ್ಕೆ ಅದು ಬರುವುದು ಅಪರೂಪ.”

ಪ್ರಿಯ ಓದುಗರೇ, ಜೋಪಾನವೆಂಬ ಹೆಸರಿನಲ್ಲಿ ನಾವು ಅಟ್ಟಕ್ಕೇರಿಸಿದ್ದು ಇನ್ನೂ ಏನೇನಿದೆಯೋ!

ಈಗ ಸಂಜೆಗಳಲ್ಲಿ ಮಗಳು ಹೊಸ ಕೂದಲು ಕಟ್ಟಿಸಿದ ಅದೇ ಕಮಾನು ಹಿಡಿಯುತ್ತಾಳೆ. ಶ್ರುತಿ ಇನ್ನೂ ತಪ್ಪುತ್ತದೆ. ಆದರೆ ನುಡಿಸಿ ಮುಗಿಸಿದೊಡನೆ, ನಾನು ಹೇಳುವ ಮೊದಲೇ, ತಿರುಪನ್ನು ಸಡಿಲಿಸುತ್ತಾಳೆ.