ತಾಳೆಬೀಜವೂ ಸಮಾಜಶಾಸ್ತ್ರವೂ

ಸಮಾಜಶಾಸ್ತ್ರ ಅಂದ ತಕ್ಷಣ ನಮ್ಮ ಬಾಯಿಗೆ ಬರೋದು ಡರ್ಕೈಮ್, ವೇಬರ್. ಪರೀಕ್ಷೆಗೆ ಉರು ಹೊಡೆದ ಹೆಸರುಗಳು. ವಿಚಾರ ಅವರದು, ಉದಾಹರಣೆಗೆ ಮಾತ್ರ ನಮ್ಮಂಥವರು. ಈ ಏರ್ಪಾಟನ್ನು ಒಪ್ಪದವರಲ್ಲಿ ನೈಜೀರಿಯಾದ ಅಕಿನ್ಸೋಲಾ ಅಕಿವೊವೊ ಒಬ್ಬರು. ಇಫೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಯೊರುಬಾ ಜನ ಬಾಯಲ್ಲೇ ಉಳಿಸಿಕೊಂಡು ಬಂದ ಪದ್ಯದಿಂದ ಸಮಾಜಶಾಸ್ತ್ರ ಕಟ್ಟಬಹುದು ಅಂತ 1986ರಲ್ಲಿ ಬರೆದರು.

ಆ ಜನರ ಬಾಯಿಪದ್ಯಗಳ ದೊಡ್ಡ ಕಣಜ ಇಫಾ ಅನ್ನೋ ಕಣಿ. ಕಣಿ ಹೇಳುವ ಬಬಲಾವೊ ಒಂದು ಕೈಲಿರುವ 16 ತಾಳೆಬೀಜವನ್ನು ಇನ್ನೊಂದು ಕೈಯಿಂದ ಬಾಚುತ್ತಾನೆ. ಒಂದು ಉಳಿದರೆ ಪುಡಿ ಹರಡಿದ ಹಲಗೆಯ ಮೇಲೆ ಎರಡು ಗೀಟು, ಎರಡು ಉಳಿದರೆ ಒಂದು. ಹೀಗೆ ಎಂಟು ಸಲ. ಬೀಳಬಹುದಾದ ಗುರುತುಗಳು 256. ಒಂದೊಂದೂ ಒಂದು 'ಒಡು', ಒಂದೊಂದಕ್ಕೂ ರಾಶಿ ಪದ್ಯ. ಹಿಂದೆ ಇಂಥವನು ಕಣಿ ಕೇಳಿದ, ಇಂಥದ್ದು ಬಲಿ ಕೊಡು ಅಂದರು, ಕೊಟ್ಟ ಇಲ್ಲವೇ ಕೊಡಲಿಲ್ಲ, ಆಮೇಲೆ ಹೀಗಾಯ್ತು ಅಂತ ಸಾಗುತ್ತವೆ. ಕೇಳೋಕೆ ಬಂದವನು ತನ್ನ ಕಷ್ಟ ಬಾಯಿಬಿಟ್ಟು ಹೇಳಲೇಬೇಕು ಅಂತಿಲ್ಲ. ತನ್ನದಕ್ಕೆ ಒಪ್ಪುವ ಪದ್ಯವನ್ನು ತಾನೇ ಆರಿಸಿಕೊಳ್ಳಬಹುದು. ಮೂಢನಂಬಿಕೆ ಅಂತ ತಳ್ಳಿಹಾಕೋದು ಸುಲಭ. ಕಣಿ ನಿಜವಾಗುತ್ತೆ ಅಂತ ನಾವೇನೂ ನಂಬಬೇಕಿಲ್ಲ. ಆದರೆ ಅಕ್ಷರದ ಹಂಗಿಲ್ಲದೆ ಒಂದು ಜನ ತನ್ನ ಕಷ್ಟಸುಖದ ದಾಖಲೆ ಇಟ್ಟಿದ್ದು ಸುಳ್ಳಲ್ಲವಲ್ಲ!

ಇಂಥ ಬಾಯಿಪದ್ಯವೊಂದರಿಂದ ಅಕಿವೊವೊ ಹೆಕ್ಕಿದ ಮಾತು 'ಅಸುವಾಡ': ಇರೋದೆಲ್ಲ ಕೂಡಿಯೇ ಇರುತ್ತೆ, ಕೂಡಿದರೇ ಬಾಳು. ಅದಕ್ಕೂ ಮುಂಚೆ, 1980ರ ಉಪನ್ಯಾಸದಲ್ಲಿ, 'ಅಜೊಬಿ', 'ಅಜೊಗ್ಬೆ' ಅಂತ ಎರಡು ನಂಟು ಹೇಳಿದ್ದರು. ಒಂದು ರಕ್ತದಿಂದ ಬಂದದ್ದು, ಇನ್ನೊಂದು ಜೊತೆಗೆ ಬಾಳಿ ಬಂದದ್ದು. ನಮಗೆ ಎರಡನೆಯದೇ ಹಿಡಿಸಿತು. ಹುಟ್ಟು ಕೇಳಿ ನೀರು ಕೊಡೋ ಊರುಗಳಲ್ಲಿ ಬೆಳೆದವರು ನಾವು.

ಆದರೆ ಅದೇ ಯೊರುಬಾ ನಾಡಿನಲ್ಲಿ 'ಇವೊಫಾ' ಅಂತ ಒಂದು ಪದ್ಧತಿ ಇತ್ತಲ್ಲ? ಸಾಲ ತಂದವನು ತನ್ನನ್ನೋ ತನ್ನ ಮಗುವನ್ನೋ ಸಾಲ ಕೊಟ್ಟವನ ದುಡಿಮೆಗೆ ಬಿಡಬೇಕು. ದುಡಿದದ್ದೆಲ್ಲ ಬಡ್ಡಿಗೆ, ಅಸಲು ಹಾಗೇ. ಜೀತ ಅನ್ನದೆ ಏನನ್ನೋಣ? ಗುಲಾಮರೂ ಇದ್ದರು. ಇವರೆಲ್ಲ ಒಡೆಯನ ಅಂಗಳದಲ್ಲಿ ಕೂಡಿಯೇ ಇದ್ದವರು. ಯಾರ ಇಷ್ಟದಿಂದ ಕೂಡಿದ್ದು? ನೈಜೀರಿಯಾದವರೇ ಆದ ಲವುಯಿ, ತೈವೊ 1990ರಲ್ಲಿ ಅಕಿವೊವೊ ಅವರ ಪರಿಭಾಷೆಯನ್ನು ಒರೆಗೆ ಹಚ್ಚಿದರು. ಮಾತಿನ ಅರ್ಥ ಬಿಗಿಯಾಗಲಿ ಅಂತ ಅವರ ತಕರಾರು, ಸರಿಯೇ. ನಮ್ಮ ತಕರಾರು ಹೊಟ್ಟೆಯದು. ಅಪ್ಪನ ಸಾಲಕ್ಕೆ ಯಾರದೋ ಹೊಲ ಅಗೆದ ಮಗುವಿನ ಬಾಯಲ್ಲೂ ಪದ ಇದ್ದಿರಬೇಕು. ಬಬಲಾವೊ ಅದನ್ನೂ ಬಾಯಿಪಾಠ ಮಾಡಿದನೇ? 256 ಒಡುಗಳಲ್ಲಿ ಮೊದಲು ಹುಡುಕಬೇಕಾದ್ದು ಅದನ್ನ.