ಮದ್ದಿನ ಕೊಂಬು

ಮುಂಡಗೋಡದ ಕೆರೆಬಯಲುಗಳನ್ನು ಹಿಂದೆ ಬಿಟ್ಟು ಪಡುವಣಕ್ಕೆ ಸಾಗುವ ಪ್ರವಾಸಿಗನಿಗೆ ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯು ಒಂದೇ ದಿನದಲ್ಲಿ ಹಲವು ಮುಖಗಳನ್ನು ತೋರಿಸುತ್ತದೆ. ಹಳಿಯಾಳದ ಸುತ್ತ ಭತ್ತ ಕಬ್ಬುಗಳ ಬಯಲು. ದಾಂಡೇಲಿಯಲ್ಲಿ ಕಾಳೀ ನದಿಯ ದಡದ ಕಾಗದದ ಗಿರಣಿ. ಅದನ್ನು ದಾಟಿದರೆ ಬಿಸಿಲು ನೆಲವನ್ನು ಮುಟ್ಟದ ಕಾನನ. ಹಳೆಯ ಸೂಪಾ ಪಟ್ಟಣವು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತಾಲ್ಲೂಕಿನ ಕೇಂದ್ರವಾದ ಜೋಯಿಡಾ ಈ ಕಾಡಿನ ನಡುವೆ ಇದೆ. ಮೂಡಲಿಂದ ಪಡುವಲಿಗೆ ಹೋದಂತೆ ಮಳೆ ಹೆಚ್ಚುತ್ತದೆ, ಮನೆಗಳು ವಿರಳವಾಗುತ್ತವೆ. ಬೆಳೆಗಾರನ ರಾತ್ರಿಯ ನಿದ್ದೆಯೂ ಕಡಿಮೆಯಾಗುತ್ತದೆ.

ನಿದ್ದೆಗೆಡಿಸುವುದು ಕಾಡುಹಂದಿ. ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ಸಾಕು, ಒಂದು ಸಂಸಾರದ ವರ್ಷದ ಅನ್ನ ಕೆಸರಾಗುತ್ತದೆ. ಸುಗ್ಗಿಯ ಮುನ್ನ ಆನೆಗಳು ಹಳಿಯಾಳ, ಮುಂಡಗೋಡಗಳ ಗದ್ದೆಗಳವರೆಗೂ ಇಳಿಯುವುದುಂಟು. ಆದುದರಿಂದಲೇ ಈ ಸೀಮೆಯ ಕೆಲವು ಮನೆಗಳ ಗೋಡೆಯ ಮೇಲೆ, ಬೆಳೆ ಕಾಯಲೆಂದು ಪರವಾನಗಿ ಪಡೆದ ಕೇಪಿನ ಕೋವಿಯೊಂದು ತೂಗುತ್ತಿರುತ್ತದೆ.

ಇದು ತೋಟೆಯ ಕೋವಿಯಲ್ಲ. ನಳಿಗೆಯ ಬಾಯಿಂದ ಮದ್ದನ್ನು ಹೊಯ್ದು, ನಾರಿನ ಉಂಡೆಯನ್ನು ಕೋಲಿನಿಂದ ಜಡಿದು, ಬೇಕಿದ್ದರೆ ಚರೆಯನ್ನು ತುಂಬಿ, ಹಿಂಬದಿಯಲ್ಲಿ ಕೇಪನ್ನಿಟ್ಟು ಕುದುರೆಯನ್ನು ಎಳೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಕಾಲವನ್ನು ಮುಗಿಸಿತು. ಈಗ ಕಾಯುವವನಿಗೆ ಬೇಕಾದುದು ಸದ್ದು ಮಾತ್ರ. ಚರೆಯಿಲ್ಲದ ಬರಿಯ ಮದ್ದಿನ ಈಡು.

ಕೋವಿಗೂ ಈ ನಾಡಿಗೂ ನಂಟು ಹಳೆಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಂಗ್ಲರ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷವೇ ಸೂಪಾದ ಕಾಡುಗಳಲ್ಲಿ ಇನ್ನೊಂದು ಬಂಡಾಯ ಹೊತ್ತಿಕೊಂಡಿತು. ಸಿದ್ದಿಯರೂ ಅದರಲ್ಲಿ ಸೇರಿದ್ದರು. ಮಳೆಯ ನಾಡಿನಲ್ಲಿ ಕೋವಿ ಹಿಡಿದವನಿಗೆ ಅಂದಿಗೂ ಇಂದಿಗೂ ಮೊದಲ ಚಿಂತೆ ಒಂದೇ: ಮದ್ದು ಒದ್ದೆಯಾಗಬಾರದು. ಎರಡನೆಯ ಚಿಂತೆ ಅದಕ್ಕಿಂತ ದೊಡ್ಡದು: ಅದು ಹೊತ್ತಬಾರದ ಹೊತ್ತಿನಲ್ಲಿ ಹೊತ್ತಬಾರದು.

ಈ ಎರಡು ಚಿಂತೆಗಳಿಗೂ ಉತ್ತರವೆಂಬಂತೆ ಮದ್ದಿನ ಕೊಂಬು ಹುಟ್ಟಿತು. ಮೊಗಲರ ಕಾಲದ ಚಿತ್ತಾರದ ಕೊಂಬುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಯುರೋಪ್, ಅಮೆರಿಕಗಳ ಬೇಟೆಗಾರರೂ ಇದನ್ನೇ ನಂಬಿದ್ದರು. ಕೊಂಬು ನೀರನ್ನು ಒಳಗೆ ಬಿಡದು, ಕಬ್ಬಿಣದಂತೆ ಬಡಿದರೆ ಕಿಡಿಯನ್ನೂ ಕಾರದು. ಮದ್ದೆಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ತೇವಕ್ಕೂ ಕಿಡಿಗೂ ಸಮಾನವಾಗಿ ಅಂಜಬೇಕಾದ ಈ ಪುಡಿಗೆ ಕೊಂಬಿಗಿಂತ ತಕ್ಕ ಮನೆ ಇನ್ನಾವುದು?

ಉಳವಿಯ ಕಡೆಯ ಕಾಡಿನಲ್ಲಿ, ಅಡಕೆಯ ತೋಟದ ಮೇಲ್ಗಡೆಯ ಒಂದು ಮನೆಯ ಜಗಲಿಯಲ್ಲಿ ಅಂತಹ ಕೊಂಬೊಂದು ಇದೆ. ಗೌಳಿಯೊಬ್ಬನ ದೊಡ್ಡಿಯಲ್ಲಿ ಮುದಿಯಾಗಿ ಸತ್ತ ಎಮ್ಮೆಯದು. ಅದನ್ನು ಕುದಿಸಿ ಒಳಗಿನ ಎಲುಬನ್ನು ಕಳಚಿ, ಅಗಲವಾದ ಬಾಯಿಗೆ ಹಲಸಿನ ಮರದ ಬಿಲ್ಲೆಯನ್ನು ಕೂರಿಸಿ, ಸಂದುಗಳಿಗೆ ಜೇನುಮೇಣವನ್ನು ತುಂಬಲಾಗಿದೆ. ತುದಿಯ ಸಣ್ಣ ತೂತಿಗೆ ಮರದ ಬಿರಡೆ. ಮನೆಯ ಯಜಮಾನರಿಗೆ ಎಪ್ಪತ್ತು ತುಂಬಿದೆ. ಆ ವಯಸ್ಸು ತಲುಪಿದವರು ತಮ್ಮ ಕೋವಿಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿರುವುದರಿಂದ, ಮೊಮ್ಮಗನ ಹೆಸರಿಗೆ ಅರ್ಜಿ ಬರೆಸುವ ಸಿದ್ಧತೆ ನಡೆದಿದೆ. ಕಾಗದಪತ್ರಗಳಿಗಿಂತ ಮೊದಲು ವರ್ಗಾವಣೆಯಾಗಬೇಕಾದುದು ಬೇರೊಂದಿದೆ ಎಂಬುದು ಅಜ್ಜನ ಮತ.

ಮೊಮ್ಮಗನು ಹುಬ್ಬಳ್ಳಿಯಲ್ಲಿ ಓದಿದವನು, ಚುರುಕಿನ ಹುಡುಗ. ಕೇಪು, ಚರೆ, ನಾರುಗಳಿರುವ ಹೆಗಲಚೀಲ ಬೇರೆ, ಕೊಂಬು ಬೇರೆ ಏಕೆಂದು ಯೋಚಿಸಿ, ಕೊಂಬನ್ನು ಚೀಲದ ಅಡಿಗೆ ಎರಡು ದಾರಗಳಿಂದ ಕಟ್ಟಿ ತಂದನು. ಒಂದೇ ಹೆಗಲು, ಒಂದೇ ಹೊರೆ. ಅಜ್ಜ ಅದನ್ನು ಹೆಗಲಿಗೇರಿಸಿ ಅಂಗಳದಲ್ಲಿ ಹತ್ತು ಹೆಜ್ಜೆ ನಡೆದರು. ಕೊಂಬು ತೊಡೆಗೆ ಬಡಿಯಿತು. ಬಾಗಿದಾಗ ಮುಂದಕ್ಕೆ ತೂಗಾಡಿತು. ಬೇಲಿಯ ಮುಳ್ಳಿಗೆ ಸಿಕ್ಕಿ ಬಿರಡೆ ಕಳಚಿಯೇಬಿಟ್ಟಿತು. ಪುಣ್ಯಕ್ಕೆ ಕೊಂಬು ಬರಿದಾಗಿತ್ತು. ಮದ್ದು ತುಂಬಿದ್ದರೆ ಚೀಲಕ್ಕೆಲ್ಲ ಅದರ ಪುಡಿ ಮೆತ್ತಿಕೊಳ್ಳುತ್ತಿತ್ತು, ಚೀಲದೊಳಗಿರುವುದು ಕೇಪು.

ಆ ಬಳಿಕ ಮುದುಕರ ಕೈ ಕೆಲಸಕ್ಕೆ ತೊಡಗಿತು. ಕೊಂಬನ್ನು ಚೀಲದ ಅಡಿಗಲ್ಲ, ಚೀಲಕ್ಕಿಂತ ಮೇಲೆ, ಹೆಗಲಪಟ್ಟಿಗೇ ತೊಗಲಿನ ಎರಡು ಬಾರುಗಳಿಂದ ಬಿಗಿದರು. ಕೊಂಬಿನ ಒಳಬಾಗು ಪಕ್ಕೆಲುಬಿಗೆ ಒರಗಿತು. ತುದಿ ಮುಂದಕ್ಕೆ, ಮೇಲ್ಮುಖವಾಗಿ ನಿಂತಿತು. ತೋಳು ಕೆಳಗಿಳಿದರೆ ಮಳೆಯಿಂದ ಅದಕ್ಕೆ ತೋಳೇ ಸೂರು. ಬಿರಡೆಯನ್ನು ಕಳೆದುಹೋಗದಂತೆ ದಾರದಿಂದ ಕೊಂಬಿಗೇ ಕಟ್ಟಿದರು. ಕೊನೆಗೆ ಬಿದಿರಿನ ಒಂದು ಪುಟ್ಟ ಕೊಳವೆಯನ್ನು, ಒಂದು ಈಡಿಗೆ ಬೇಕಾಗುವ ಮದ್ದಿನ ಅಳತೆಯದನ್ನು, ಉದ್ದನೆಯ ದಾರದಲ್ಲಿ ಇಳಿಬಿಟ್ಟರು.

ಹುಡುಗನಿಗೆ ಒಂದು ಸಂಶಯ ಉಳಿಯಿತು. ಕೊಳವೆಯ ದಾರ ಉದ್ದ, ಕೊಂಬಿನ ಬಾರು ಮಾತ್ರ ಇಷ್ಟು ಗಿಡ್ಡ. ಕೊಂಬನ್ನು ನಳಿಗೆಯವರೆಗೆ ಎತ್ತಲು ಬರುವುದೇ ಇಲ್ಲವಲ್ಲ!

ಅಜ್ಜ ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಅದರಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ. ಹುಟ್ಟಿದಂದಿನಿಂದ ಆ ಕೈಯನ್ನು ಕಂಡಿದ್ದ ಮೊಮ್ಮಗನು ಅದರ ಕತೆಯನ್ನು ಕೇಳಿದ್ದು ಅಂದೇ ಮೊದಲು. ಅವರಿಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ, ಗದ್ದೆಯ ಮಾಳದಲ್ಲಿ ಒಬ್ಬರೇ ಇದ್ದ ರಾತ್ರಿ ಹಂದಿಗಳು ನುಗ್ಗಿದವು. ಮೊದಲ ಈಡಿಗೆ ಹಿಂಡು ಚದುರಿ, ಮತ್ತೆ ತಿರುಗಿತು. ಅವಸರದಲ್ಲಿ ಅಳತೆಯ ಕೊಳವೆಯನ್ನು ಬದಿಗಿಟ್ಟು, ಅವರು ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಹೊಯ್ದರು. ನಳಿಗೆಯ ತಳದಲ್ಲಿ ಹಿಂದಿನ ಈಡಿನ ನಾರಿನ ಕಿಡಿಯೊಂದು ಆರದೆ ಉಳಿದಿತ್ತು. ಕೊಳವೆಯಿಂದ ಹೊಯ್ದಿದ್ದರೆ ಹೊತ್ತುತ್ತಿದ್ದುದು ಒಂದು ಹಿಡಿ ಮದ್ದು. ಅಂದು ಹೊತ್ತಿದ್ದು ಇಡಿಯ ಕೊಂಬು.

"ಕೊಂಬಿಂದ ಸೀದಾ ಹೊಯ್ಲಾಗ ತಮಾ," ಎಂದರು ಅಜ್ಜ. "ಕೈ ಮರೆತರೂ ಬಾರು ಮರೆಯಬಾರದು."

ಚುನಾವಣೆಯ ಸಮಯದಲ್ಲಿ ಕೋವಿಯನ್ನು ಪೋಲೀಸು ಠಾಣೆಗೆ ಒಪ್ಪಿಸಿ ರಸೀದಿ ತರುವುದು ಈ ಸೀಮೆಯವರಿಗೆ ರೂಢಿ. ಹಾಗೆ ಒಪ್ಪಿಸಿದಾಗ ಆ ಮನೆಯ ಗೋಡೆಯಲ್ಲಿ ಉಳಿಯುವುದು ಚೀಲ ಮತ್ತು ಬರಿದಾದ ಕೊಂಬು. ರಾತ್ರಿ ಹಂದಿಗಳ ಸದ್ದು ಕೇಳಿದರೆ ಮನೆಯವರು ಡಬ್ಬಿ ಬಡಿದು ಕೂಗುತ್ತಾರೆ. ಕಾಡಿನ ನಡುವಿನ ಬದುಕು ಒಂದೇ ಉಪಾಯವನ್ನು ನಂಬಿಕೊಂಡು ನಡೆಯುವುದಿಲ್ಲ.

ಸಂಜೆ ಕವಿಯುವ ಹೊತ್ತಿಗೆ ಮೊಮ್ಮಗನು ಅಜ್ಜ ಹಾಕಿದ್ದ ಗಂಟುಗಳನ್ನೆಲ್ಲ ಬಿಚ್ಚಿ, ತಾನೇ ಮೊದಲಿನಿಂದ ಕಟ್ಟಿದನು. ಅಜ್ಜ ಚೀಲವನ್ನು ಹೆಗಲಿಗೇರಿಸಿಕೊಂಡು, ಬರಿದಾದ ಕೋವಿಯನ್ನು ಮುಂದೆ ನಿಲ್ಲಿಸಿಕೊಂಡು, ಮೂರು ಬೆರಳುಗಳಿಂದ ಕೊಂಬನ್ನು ನಳಿಗೆಯ ಕಡೆಗೆ ಎಳೆದರು. ಬಾರು ಬಿಗಿಯಿತು, ಕೊಂಬು ಗೇಣು ದೂರದಲ್ಲಿಯೇ ನಿಂತುಬಿಟ್ಟಿತು. ಇನ್ನೊಮ್ಮೆ ಬಲವಾಗಿ ಎಳೆದರು, ಗಂಟು ಸಡಲಲಿಲ್ಲ. ಅವರು ಏನನ್ನೂ ಹೇಳದೆ ಚೀಲವನ್ನು ಹೆಗಲಿನಿಂದಿಳಿಸಿ ಮೊಮ್ಮಗನ ಕೈಗೆ ಕೊಟ್ಟರು.