ಹಸಿ ಗೋಡೆಯ ಬಲ

ನಾನು ಸಣ್ಣವನಿದ್ದಾಗ ರೋಣ, ನರಗುಂದದ ಕಡೆ ಮನೆ ಕಟ್ಟುವ ಕೆಲಸ ಶುರುವಾಗುತ್ತಿದ್ದುದು ಸುಗ್ಗಿ ಮುಗಿದ ಮೇಲೆಯೇ. ಬರೀ ಎರೆಮಣ್ಣಿನ ಗೋಡೆ ಒಣಗುವಾಗ ಬಾಯಿ ಬಿಡುತ್ತದೆ ಎಂದು ಅದಕ್ಕೆ ಮಸಾರಿ ಸೇರಿಸುತ್ತಿದ್ದರು. ಮೇಲೆ ಗೋದಿ ಹೊಟ್ಟು ಚೆಲ್ಲಿ, ನೀರು ಬಿಟ್ಟು, ಕೊಳೆಯಲು ಬಿಡುತ್ತಿದ್ದರು. ವಾಸನೆ ಬರತೊಡಗಿದ ಮೇಲೆ ಆಳುಗಳು ಇಳಿದು ತುಳಿಯಬೇಕು. ಗೌಂಡಿ ಒಂದು ಉಂಡೆ ಮಾಡಿ ಅಮುಕಿ ನೋಡುತ್ತಿದ್ದ. ಬೆರಳಿಗೆ ಅಂಟಿದರೆ ನೀರು ಹೆಚ್ಚು, ಅಂಚು ಬಿರಿದರೆ ಕಡಿಮೆ. ಗೋಡೆ ಎದ್ದ ಮೇಲೆ ಅಜ್ಜ ಅವಸರ ಮಾಡಿದರೆ ಗೌಂಡಿಯ ಮಾತು ಒಂದೇ: "ಹಸಿ ಗ್ವಾಡಿ ಮ್ಯಾಲೆ ತೊಲಿ ಇಡಬ್ಯಾಡ್ರಿ ಯಜಮಾನ್ರ. ಹೊಟ್ಟು ಹಿಡೀತೈತಿ ಖರೆ, ನೀರು ಹಿಡೀಗೊಡಬೇಕಲ್ರಿ."

ಮುಂದೆ ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವಾಗ ಅದೇ ಮಾತು ಅಂಕಿಗಳಲ್ಲಿ ಎದುರಾಯಿತು. ಮಣ್ಣು ಎಷ್ಟು ನೀರಿಗೆ ಅತಿ ಬಿಗಿಯಾಗಿ ಕೂರುತ್ತದೆ ಎಂದು ಕಂಡುಕೊಳ್ಳುವ ಪರೀಕ್ಷೆಯನ್ನು ಅಮೆರಿಕದ ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದ್ದ. ಉಂಡೆ ಅಮುಕಿ ಗೌಂಡಿ ಹುಡುಕುತ್ತಿದ್ದುದೂ ಒಂದು ಹದವನ್ನೇ. ಹೊಟ್ಟಿನ ಜಾಗದಲ್ಲಿ ನಮಗೆ 12 ಮಿ.ಮೀ. ಉದ್ದದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳಿದ್ದವು. ಅವನ್ನು ಬೆರೆಸಿ 38 ಮಿ.ಮೀ. ದಪ್ಪ, 76 ಮಿ.ಮೀ. ಎತ್ತರದ ಕಂಬಗಳನ್ನು ಮಾಡಿ ಯಂತ್ರದಲ್ಲಿಟ್ಟು ಒತ್ತುತ್ತಿದ್ದೆವು.

ನಾರು ಸೇರಿಸಿದರೆ ಮಣ್ಣು ಗಟ್ಟಿಯಾಗುತ್ತದೆ ಎಂದು ಸುಮ್ಮನೆ ಹೇಳಿಬಿಡುತ್ತಾರೆ. ಅದು ಅರ್ಧ ಮಾತು. ಮಣ್ಣು ಬಿರಿಯಹೊರಟಾಗ ಬಿರುಕಿನ ಎರಡೂ ಬದಿಗೆ ಹೂತುಕೊಂಡ ನಾರು ಅದನ್ನು ಜಗ್ಗಿ ಹಿಡಿಯುತ್ತದೆ. ಆ ಹಿಡಿತ ನಿಂತಿರುವುದು ನಾರಿನ ಮೈಗೂ ಮಣ್ಣಿಗೂ ನಡುವಿನ ತಿಕ್ಕಾಟದ ಮೇಲೆ. ಅರೆ ಒಣಗಿದ ಜೇಡಿಯಲ್ಲಿ ಕಣಗಳ ಸಂದಿಯಲ್ಲಿ ಉಳಿದ ಸ್ವಲ್ಪ ನೀರು ಅವನ್ನು ಒಂದಕ್ಕೊಂದು ಸೆಳೆದು ಬಿಗಿಯುತ್ತದೆ, ನಾರನ್ನೂ ಅದುಮಿ ಹಿಡಿಯುತ್ತದೆ. ನೀರು ಹೆಚ್ಚಿದಂತೆ ಆ ಸೆಳೆತ ಸಡಿಲಾಗುತ್ತದೆ. ಆಗ ನಾರು ಹರಿಯುವುದಿಲ್ಲ, ಜಾರಿ ಹೊರಬರುತ್ತದೆ. ಎರೆಮಣ್ಣಿನಲ್ಲಿ ಇನ್ನೂ ಕಷ್ಟ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೊಟ್ಟಾದರೆ ತಾನೂ ನೀರು ಹೀರಿ ಉಬ್ಬಿ ಸುತ್ತಲ ಮಣ್ಣನ್ನು ತಳ್ಳುತ್ತದೆ, ಒಣಗಿದಾಗ ಸಣ್ಣಗಾಗಿ ಸಂದು ಬಿಡುತ್ತದೆ. ವರ್ಷ ವರ್ಷ ನೆನೆದು ಒಣಗುವ ಗೋಡೆಯಲ್ಲಿ ಹಿಡಿತ ಹೀಗೆ ಕಳೆಯುತ್ತ ಹೋಗುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ, ಕೊಳೆಯುವುದೂ ಇಲ್ಲ. ಆದರೆ ಸುತ್ತಲ ಮಣ್ಣೇ ಮೆತ್ತಗಾದರೆ ಅದಕ್ಕೂ ಹಿಡಿಯಲು ಏನೂ ಉಳಿಯುವುದಿಲ್ಲ. ನಮ್ಮ ಒಣ ಕಂಬಗಳು ಬಿರುಕು ಬಿಟ್ಟರೂ ಎಳೆಗಳ ಬಲದಿಂದ ಹೋಳಾಗದೆ ನಿಲ್ಲುತ್ತಿದ್ದವು. ನೆನೆದವು ನಡುವೆ ಉಬ್ಬಿ ಕೂತುಬಿಡುತ್ತಿದ್ದವು.

ಆಗಿನವರು ಗೋಡೆಯ ಬಲವನ್ನು ಹೊಟ್ಟಿಗೆ ಮಾತ್ರ ಒಪ್ಪಿಸಿರಲಿಲ್ಲ. ಪ್ರತಿ ವರ್ಷ ಮಿರಗದ ಮಳೆಗೆ ಮೊದಲು ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಾವಣಿಯ, ಮೇಲೆ ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರು, ಗೋಡೆಗೆ ಮಣ್ಣಿನ ಗಿಲಾವು ಮಾಡುತ್ತಿದ್ದರು. ಆ ದುಡಿಮೆಗೆ ಈಗ ಆಳೂ ಸಿಗುವುದಿಲ್ಲ, ಬಿಡುವೂ ಸಿಗುವುದಿಲ್ಲ. ಬದಲಿಗೆ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ನೆಲದಿಂದ ಏರಿದ ತೇವ, ಬಿರುಕಿನಿಂದ ಇಳಿದ ಮಳೆನೀರು ಅದರ ಹಿಂದೆ ಸಿಕ್ಕಿಕೊಂಡು ಆರದೇ ಉಳಿಯುತ್ತದೆ. ಹೊರಗೆ ನಯವಾಗಿ ಕಾಣುವ ಗೋಡೆ ಒಳಗೆ ಮೆತ್ತಗಾಗಿರುತ್ತದೆ. ಮನೆ ಉಳಿಸಲೆಂದು ಕೂಡಿಟ್ಟ ಹಣ ಹೀಗೆ ಮನೆಗೇ ಮುಳುವಾಗುವುದು ನನಗೆ ತಡೆಯಲಾಗದ ಸಂಕಟ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಕಡೆ ಊರೊಳಗೆ ನೀರು ನಿಂತಾಗ ಬುಡ ನೆನೆದ ಮಣ್ಣಿನ ಗೋಡೆಗಳು ಕುಸಿದವು. ಅಂಥ ನೆರೆಯನ್ನು ಹೊಟ್ಟೂ ತಡೆಯಲಾರದು, ಪ್ಲಾಸ್ಟಿಕ್ ಎಳೆಯೂ ತಡೆಯಲಾರದು.

ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಯೇ ಬಲ ಅಳೆಯುವ ರೂಢಿ ನಮ್ಮಲ್ಲಿದೆ. ನಾರು ಬೆರೆಸಿದ ಮಣ್ಣಿಗೂ ಅದೇ ಕಟ್ಟುಪಾಡು ಬೇಕು. ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಒಣಗಿದ್ದು, ಹದದ್ದು, ಪೂರ್ತಿ ನೆನೆದದ್ದು ಮೂರನ್ನೂ ಒತ್ತಿ ನೋಡಿ ಎನ್ನುತ್ತೇನೆ. ಮೂರರಲ್ಲಿ ನೆನೆದದ್ದರ ಅಂಕಿಯೇ ಚಿಕ್ಕದು. ವರದಿಯ ಮೊದಲ ಪುಟಕ್ಕೆ ಅದೇ ಬರಬೇಕು ಎಂಬುದು ನನ್ನ ಹಠ.